ಪೀಠದಡಿಯ ಏಳನೇ ಬಿಲ್ಲೆ

ವಿಗ್ರಹ ನನ್ನ ಅಂಗಡಿಗೆ ಬಂದಾಗ ಅದರ ಮೇಲಿದ್ದ ದೂರು ಒಂದೇ: ಅಲ್ಲಾಡುತ್ತದೆ. ತಂದಿದ್ದ ಹುಡುಗಿ ಅದನ್ನು ನನ್ನ ಕೆಲಸದ ಮಣೆಯ ಮೇಲಿಟ್ಟು ಬೆರಳಿನಿಂದ ಒತ್ತಿ ತೋರಿಸಿದಳು. ಟಕ್ ಟಕ್ ಎಂದಿತು. ದಾವಣಗೆರೆ ಕಡೆಯವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಕೆ.ಆರ್. ಪುರದಲ್ಲಿ ಹೊಸ ಫ್ಲಾಟು. ಹನ್ನೊಂದು ದಿನಕ್ಕೆ ಗೃಹಪ್ರವೇಶ. ದೇವರ ಕೋಣೆಗೆಂದು ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ಹುಡುಕಿ ಇದನ್ನು ತಂದಿದ್ದಳು. ಅವಳ ಪಾಲಿಗೆ ಇದು ಲಕ್ಷ್ಮಿ. ಮಾರಿದವನು ದುರ್ಗೆ ಎಂದಿದ್ದನಂತೆ. ನನ್ನ ಕಣ್ಣಿಗೆ ಅದು ಎರಡೂ ಆಗಿರಲಿಲ್ಲ. ಗೇಣಿಗೆ ಎರಡು ಬೆರಳು ಕಮ್ಮಿ ಎತ್ತರದ, ಕುಂಕುಮದ ಬಟ್ಟಲು ಹಿಡಿದು ಕೂತ ಅಮ್ಮ. ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡೂ ತಿಕ್ಕಿಸಿಕೊಂಡೂ ಮೂಗು ಸವೆದು ಹೋಗಿತ್ತು. ಯಾರದೋ ಮನೆಯಲ್ಲಿ ತಲೆತಲಾಂತರ ವಾರವಾರವೂ ಮಿಂದ ಮೈ ಅದು ಎನ್ನುವಷ್ಟು ನನಗೆ ಗೊತ್ತಾಯಿತು.

ಜೋಗುಪಾಳ್ಯದಲ್ಲಿ ನನ್ನದು ಹಿತ್ತಾಳೆ, ಕಂಚಿನ ರಿಪೇರಿ ಅಂಗಡಿ. ಅಪ್ಪ ಮಾಡುತ್ತಿದ್ದದ್ದು, ಈಗ ನಾನು ಮಾಡುತ್ತಿದ್ದೇನೆ. ಹೆಂಗಸು ಬೆಸುಗೆಯ ಗ್ಯಾಸ್ ಟಾರ್ಚು ಹಿಡಿದು ಕೂತದ್ದು ನೋಡಿ ಹೊಸ ಗಿರಾಕಿಗಳು ಇವತ್ತಿಗೂ ಯಜಮಾನರಿಲ್ಲವಾ ಎಂದು ಕೇಳುತ್ತಾರೆ. ಇದ್ದಾರೆ, ಮುಂದೆಯೇ ಕೂತಿದ್ದಾರೆ ಎನ್ನುತ್ತೇನೆ. ಅಪ್ಪನಿಂದ ಬಂದ ಒಂದು ಪದ್ಧತಿಯನ್ನು ಮಾತ್ರ ನಾನು ಬಿಟ್ಟಿಲ್ಲ. ಒಂದು ಕೆಲಸಕ್ಕೆ ಒಂದು ಕಾಗದ. ಅರ ಹಾಕಿ ಉಜ್ಜುವ ಮೊದಲು ಮಣೆಯ ಮೇಲೆ ಕಾಗದ ಹಾಸಬೇಕು, ಉದುರಿದ ಪುಡಿಯನ್ನೆಲ್ಲ ಅದರಲ್ಲೇ ಪೊಟ್ಟಣ ಕಟ್ಟಿ ವಿಗ್ರಹದ ಜೊತೆ ವಾಪಸ್ ಕೊಡಬೇಕು. ದೇವರ ಮೈಯಿಂದ ಬಿದ್ದದ್ದು ನಮ್ಮದಲ್ಲ ಎನ್ನುತ್ತಿದ್ದ ಅಪ್ಪ. ಗಿರಾಕಿಗಳು ಇದೇನು ಪ್ರಸಾದವಾ ಎಂದು ನಗುತ್ತಾರೆ. ಹೊರಗೆ ಹೋಗಿ ಮೋರಿಗೆ ಎಸೆಯುವವರನ್ನೂ ನೋಡಿದ್ದೇನೆ, ಬೈದೂ ಇದ್ದೇನೆ.

ಹುಡುಗಿ ಹೋದ ಮೇಲೆ ಅಮ್ಮನನ್ನು ಬಟ್ಟೆಯ ಮೇಲೆ ಮಗುಚಿ ಮಲಗಿಸಿದೆ. ಪೀಠದ ಒಳಗೆ ಟೊಳ್ಳು, ಸುತ್ತ ಅರ್ಧ ಬೆರಳು ದಪ್ಪದ ಅಂಚು. ಆ ಅಂಚಿನ ಮೇಲೆ ಒಂದು ಕಡೆ ಮಾಸಲು ಬಣ್ಣದ ಉಬ್ಬು. ಯಾರೋ ಕೈಗೆ ಬಂದ ಹಾಗೆ ತವರದ ಬೆಸುಗೆ ಸುರಿದಿದ್ದರು. ಹಳೇ ಬಿರುಕಿಗೆ ಹಾಕಿದ ತೇಪೆ ಎಂದುಕೊಂಡೆ. ಅಲ್ಲಾಡುತ್ತಿದ್ದದ್ದು ಅದರಿಂದಲೇ. ಕಾಗದ ಹಾಸಿದೆ, ಚಪ್ಪಟೆ ಅರ ತೆಗೆದುಕೊಂಡೆ.

ಅರದ ಸದ್ದು ಕೇಳಿಯೇ ಲೋಹ ಯಾವುದು ಎಂದು ಹೇಳುತ್ತೇನೆ ಎಂದು ಜಂಭ ಕೊಚ್ಚಿಕೊಳ್ಳುವವಳು ನಾನು. ತವರ, ಸೀಸ ಅರದ ಹಲ್ಲಿಗೆ ಮೆತ್ತಿಕೊಂಡು ಮಂಕಾಗಿ ಸದ್ದು ಮಾಡುತ್ತವೆ. ಹಿತ್ತಾಳೆ ಕಿರುಚುತ್ತದೆ. ಬೆಳ್ಳಿಯದು ಬೇರೆಯೇ, ಒಂದೇ ಎಳೆಯ ನುಣುಪಾದ ಸದ್ದು. ಆದರೆ ಆವತ್ತು ನನ್ನ ಕಿವಿ ಫೋನಿನಲ್ಲಿತ್ತು. ಗ್ಯಾಸಿನವನು ಮೂರು ದಿನದಿಂದ ಸಿಲಿಂಡರ್ ಕಳಿಸದೆ ಸತಾಯಿಸುತ್ತಿದ್ದ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಅವನ ಜನ್ಮ ಜಾಲಾಡುತ್ತಾ, ಕೈಯಲ್ಲಿ ಅರ ಓಡಿಸುತ್ತಿದ್ದೆ. ಜಗಳ ಮುಗಿಸಿ ಫೋನು ಕೆಳಗಿಟ್ಟಾಗ ಸದ್ದು ಕೇಳಿಸಿತು. ಕೈ ನಿಂತಿತು. ಕಾಗದದ ಮೇಲೆ ಬಿದ್ದಿದ್ದ ಪುಡಿ ಬೆಳ್ಳಗೆ ಮಿನುಗುತ್ತಿತ್ತು. ಮೇಲಿನ ತವರ ಎಂದೋ ಹೋಗಿ, ಅದರಡಿಯ ಬೆಳ್ಳಿಯ ಬಿಲ್ಲೆಯಲ್ಲಿ ಮುಕ್ಕಾಲು ಪಾಲು ಪುಡಿಯಾಗಿತ್ತು.

ಬೆಳ್ಳಿಯಲ್ಲಿ ಯಾರೂ ತೇಪೆ ಹಾಕುವುದಿಲ್ಲ. ಟಾರ್ಚ್ ಲೈಟು ಹಿಡಿದು ಪೀಠದ ಒಳಗೆ ನೋಡಿದೆ. ಒಳಗೋಡೆಯ ಸುತ್ತ, ಕಪ್ಪು ಹಿಡಿದ ಇನ್ನೂ ಆರು ಬಿಲ್ಲೆಗಳಿದ್ದವು. ಹುಣಸೆನೀರು ಹಾಕಿ ಹತ್ತಿಯಲ್ಲಿ ಮೆಲ್ಲಗೆ ಒರೆಸಿದೆ. ಒರೆಗಲ್ಲಿಗೆ ತಾಗಿಸಿ ನೋಡಿದೆ. ಆರೂ ಬೆಳ್ಳಿ, ಒಂದೊಂದರಲ್ಲೂ ತಾಮ್ರದ ಪಾಲು ಬೇರೆ ಬೇರೆ. ಅಂದರೆ ಒಂದೇ ಸಲ ಕೂರಿಸಿದ್ದಲ್ಲ. ಆದರೆ ಆ ಕೆಲಸ ನೋಡಿ ನನಗೆ ನಾಚಿಕೆಯಾಯಿತು. ಹಿತ್ತಾಳೆ ಕರಗುವ ಬಿಸಿಗೂ ಬೆಳ್ಳಿ ಕರಗುವ ಬಿಸಿಗೂ ಹೆಚ್ಚು ಅಂತರವಿಲ್ಲ. ಸ್ವಲ್ಪ ಏಮಾರಿದರೆ ಪೀಠವೇ ಕುಸಿಯುತ್ತದೆ. ಯಾವುದೋ ಊರಿನಲ್ಲಿ, ಇದ್ದಿಲು ಒಲೆಯ ಮುಂದೆ, ಬಾಯಲ್ಲಿ ಊದುಕೊಳವೆ ಕಚ್ಚಿಕೊಂಡು ಕೂತ ಯಾರೋ ಅಷ್ಟು ಬಿಸಿಯನ್ನು ಬೆರಳುಗುರಿನಷ್ಟು ಜಾಗಕ್ಕೆ ಮಾತ್ರ ಕೊಟ್ಟಿದ್ದ. ಬೆಸುಗೆಯ ಗೆರೆ ಹುಡುಕಿದರೂ ಸಿಗದು. ಒಂದು ಬಿಲ್ಲೆ ಪೂರ್ತಿ ಕರಗಿರಲಿಲ್ಲ. ಅದರ ಅಂಚಿನಲ್ಲಿ ಹೆಣಿಗೆಯಂಥ ಗೀರುಗಳು ಉಳಿದಿದ್ದವು. ನಮ್ಮಜ್ಜಿಯ ಕಾಲಲ್ಲಿ ಅಂಥವನ್ನು ನೋಡಿದ್ದೆ. ಅದು ಕಾಲುಂಗುರ.

ಟೊಳ್ಳಿನೊಳಗೆ ತಂತಿ ಆಡಿಸಿದಾಗ ಕುಂಕುಮ ಅರಿಶಿನದ ಗಟ್ಟಿಯ ಜೊತೆ ನಾಲ್ಕು ಬಿಳಿಜೋಳದ ಕಾಳು ಉದುರಿದವು. ಅವನ್ನೂ ಕಾಗದಕ್ಕೆ ಹಾಕಿ, ಪುಡಿಯ ಜೊತೆ ಪೊಟ್ಟಣ ಕಟ್ಟಿದೆ.

ಸಂಜೆ ಹುಡುಗಿಯನ್ನು ಕರೆಸಿ ಎಲ್ಲ ತೋರಿಸಿದೆ, ನನ್ನ ತಪ್ಪನ್ನೂ ಹೇಳಿದೆ. ಅವಳು ಮೊದಲು ಕೇಳಿದ್ದು ಇದು ಕದ್ದ ಮಾಲಾ ಎಂದು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಸಮಾಧಾನ ಹೇಳಿದಳು.

"ಆ ಪುಡೀನೇ ಕರಗಿಸಿ ವಾಪಸ್ ಅಂಟಿಸ್ಬಿಡಿ ಆಂಟಿ. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ನಿಜ. ಅವಳು ವಿಗ್ರಹವನ್ನು ಕೈಗೆತ್ತಿಕೊಂಡು, ಪೀಠದೊಳಗೆ ಬೆರಳಾಡಿಸಿ, ಒಂದೊಂದೇ ಬಿಲ್ಲೆ ಮುಟ್ಟಿ ನೋಡಿದಳು. ಕೊನೆಗೆ, ಯಾರ ಮನೆಯ ಅಮ್ಮ ಎಂದು ತಿಳಿಯದೆ ತಾನು ಇದಕ್ಕೆ ಹೇಗೆ ಕೈ ಮುಗಿಯಲಿ ಎಂದು ತನಗೆ ತಾನೇ ಹೇಳಿಕೊಂಡಳು. ನಾನಾಗಿ ಕೇಳಲಿಲ್ಲ, ಶನಿವಾರ ರಜೆ, ಶಿವಾಜಿನಗರಕ್ಕೆ ಹೋಗೋಣ ಎಂದವಳು ಅವಳೇ. ಆ ಮಗುವಿನ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಆಗ.

ಹಳೇ ಸಾಮಾನಿನ ಅಂಗಡಿಯವನು ನಮ್ಮನ್ನು ಕಂಡು ಮಾಲು ವಾಪಸ್ ತಂದರೆಂದು ಮುಖ ಗಂಟಿಕ್ಕಿದ. ವಾಪಸ್ಸಲ್ಲ, ವಿಚಾರಣೆ ಎಂದ ಮೇಲೆ ಇನ್ನೂ ಗಾಬರಿಯಾದ. ಪೊಟ್ಟಣ ಬಿಚ್ಚಿ ಜೋಳದ ಕಾಳು ತೋರಿಸಿದಾಗ ಅವನಿಗೆ ನೆನಪು ಬಂತು.

"ನಾನು ತಾಮ್ರದ ಕೊಡ ಅಂತ ತಗೊಂಡಿದ್ದು ಅಕ್ಕಾ. ಒಳಗೆ ಜೋಳ ತುಂಬ್ಸಿದ್ರು. ಜೋಳ ಸುರಿದ್ರೆ ಅದ್ರ ಹೊಟ್ಟೇಲಿ ಅಮ್ಮ ಬಂದ್ರು. ಕಸಮ್, ಆಣೆ ಮಾಡಿ ಹೇಳ್ತೀನಿ, ನನಗೇ ಭಯ ಆಯ್ತು."

ಯಾರೋ ಕದ್ದು ಬಚ್ಚಿಟ್ಟದ್ದಿರಬೇಕು ಎಂದು ಅವನು ಯಾರನ್ನೂ ಕೇಳಲು ಹೋಗಿರಲಿಲ್ಲ. ಜೋಳವನ್ನು ಪಾರಿವಾಳಗಳಿಗೆ ಹಾಕಿದ್ದ. ಕೊಡ ತೂತು ಬಿದ್ದದ್ದಾದ್ದರಿಂದ ಇನ್ನೂ ಮಾರಾಟವಾಗದೆ ಮೂಲೆಯಲ್ಲಿತ್ತು. ಅದನ್ನು ಕೊಟ್ಟವನು ಟಿನ್ ಫ್ಯಾಕ್ಟರಿ ಹತ್ತಿರದ ಗುಜರಿಯವನು ಎಂದು ಹೇಳಿ, ಕೇಳದೆಯೇ ಕೊಡವನ್ನು ನಮ್ಮ ಕೈಗಿಟ್ಟ. ಇಂಥದ್ದೆಲ್ಲ ನನ್ನ ಅಂಗಡಿಯಲ್ಲಿ ಇರುವುದು ಬೇಡ ತಾಯಿ, ತಗೊಂಡು ಹೋಗಿ ಎಂದ.

ಗುಜರಿಯವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೊಡ ನೋಡಿದ್ದೇ ತಡ, ಅವನು ತಲೆ ಮೇಲೆ ಕೈಯಿಟ್ಟುಕೊಂಡ. ನಾಲ್ಕು ತಿಂಗಳ ಹಿಂದೆ ರೂಮು ಖಾಲಿ ಮಾಡುತ್ತಿದ್ದ ಗಾರೆ ಕೆಲಸದವನೊಬ್ಬ ತಾನೇ ಕರೆದು, ಕೊಡ ಸೋರುತ್ತದೆ, ಜೋಳಕ್ಕೆ ಹುಳ ಬಿದ್ದಿದೆ, ಒಯ್ಯಿ ಎಂದು ಕೊಟ್ಟಿದ್ದನಂತೆ. ಎರಡು ದಿನ ಬಿಟ್ಟು ಓಡಿ ಬಂದು, ನಿಂತಲ್ಲೇ ಅತ್ತನಂತೆ. ಅಷ್ಟರಲ್ಲಿ ಕೊಡ ಯಾವ ಲೋಡಿನಲ್ಲಿ ಯಾರಿಗೆ ಹೋಯಿತೆಂದು ಇವನಿಗೆ ನೆನಪಿಲ್ಲ. ಆಮೇಲೂ ಆ ಮನುಷ್ಯ ಭಾನುವಾರ ಬಂದಾಗಲೆಲ್ಲ ರಾಶಿ ಕೆದಕಿ ಹೋಗುತ್ತಾನೆ. ಗುಜರಿಯವನು ಗೋಡೆ ತೋರಿಸಿದ. ಅಲ್ಲಿ ಇದ್ದಿಲಿನಲ್ಲಿ ಒಂದು ಫೋನ್ ನಂಬರು ಬರೆದಿತ್ತು. ಮಾಸಿದಾಗೆಲ್ಲ ಅವನೇ ಬಂದು ತಿದ್ದಿ ಹೋಗುತ್ತಿದ್ದನಂತೆ.

ಫೋನು ಮಾಡಿದೆ. ಅಮ್ಮ ಸಿಕ್ಕಿದ್ದಾಳೆ ಎಂದೆ. ನಾಳೆ ಬೆಳಿಗ್ಗೆ ನಾವೇ ಬರುತ್ತೇವೆ, ವಿಳಾಸ ಹೇಳಿ ಎಂದೆ. ಅವನು ಎರಡೆರಡು ಸಲ ದಾರಿ ಹೇಳಿದ.

ಅಲ್ಲಿಂದ ಅಂಗಡಿಗೆ ಬಂದು ನಾನೊಬ್ಬಳೇ ಕೂತೆ. ಗ್ಯಾಸಿನವನು ಕೊನೆಗೂ ಸಿಲಿಂಡರ್ ಇಟ್ಟುಹೋಗಿದ್ದ. ಲೋಹ ಕರಗಿಸುವ ಮೂಸೆ ಇತ್ತು, ಬೆಸುಗೆಗೆ ಬೇಕಾದ ಬಿಳಿಗಾರ ಇತ್ತು, ಪೊಟ್ಟಣ ಎದುರಿಗಿತ್ತು. ಒಂದು ಗಂಟೆಯ ಕೆಲಸ. ಪುಡಿ ಕರಗಿಸಿ ಬಿಲ್ಲೆ ಮಾಡಿ ಕೂರಿಸಿದ್ದರೆ, ಮೊದಲಿಗಿಂತ ಚೆಂದವೇ ಆಗುತ್ತಿತ್ತು. ಅವರು ನನ್ನ ಕಾಲಿಗೆ ಬೀಳುತ್ತಿದ್ದರು, ನಾನು ದೊಡ್ಡ ಮನುಷ್ಯಳ ಹಾಗೆ ಆಶೀರ್ವಾದ ಮಾಡಿ ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಮೂಸೆಯನ್ನು ಕೈಗೆ ತೆಗೆದುಕೊಂಡೂ ಇದ್ದೆ. ಆದರೆ ಬಿದ್ದದ್ದನ್ನು ವಾಪಸ್ ಕೊಡುವುದೇ ಈ ಅಂಗಡಿಯ ಪದ್ಧತಿಯಾದರೆ, ಕರಗಿಸಲು ನಾನು ಯಾರು? ಅದು ಯಾರ ಕಾಲಿನ ಬೆಳ್ಳಿ ಎಂಬುದೂ ನನಗೆ ತಿಳಿದಿರಲಿಲ್ಲ. ಮೂಸೆಯನ್ನು ಎತ್ತಿಟ್ಟು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ನಾನೂ ಹುಡುಗಿಯೂ ಟಿನ್ ಫ್ಯಾಕ್ಟರಿ ಹಿಂದಿನ ಗಲ್ಲಿಯಲ್ಲಿ ಅವರ ಬಾಡಿಗೆ ರೂಮು ಹುಡುಕಿಕೊಂಡು ಹೋದೆವು. ಗಂಡ, ಹೆಂಡತಿ ಇಬ್ಬರೂ ಗಾರೆ ಕೆಲಸದವರು, ಯಾದಗಿರಿ ಕಡೆಯವರು. ಒಂದೇ ಕೋಣೆ. ಒಂದು ಮೂಲೆಯಲ್ಲಿ ಸಿಮೆಂಟಿನ ಪುಟ್ಟ ಜಗಲಿ, ಅದನ್ನು ಆಕೆಯೇ ಕಟ್ಟಿದ್ದು. ಸಾರಿಸಿ, ರಂಗೋಲಿ ಎಳೆದು, ದೀಪ ಹಚ್ಚಿದ್ದಳು. ದೀಪದ ಹಿಂದೆ ಏನೂ ಇರಲಿಲ್ಲ. ನಾಲ್ಕು ತಿಂಗಳಿನಿಂದ ಆ ಖಾಲಿ ಜಾಗಕ್ಕೇ ದೀಪ ಹಚ್ಚುತ್ತಿದ್ದಾಳೆಂದು ಗಂಡ ಹೇಳಿದ. ಅವನು ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದ.

ಹುಡುಗಿ ವಿಗ್ರಹವನ್ನು ಆಕೆಯ ಕೈಗಿಟ್ಟಳು. ಆಕೆ ಅಳಲಿಲ್ಲ. ಅಮ್ಮನ ಸವೆದ ಮುಖವನ್ನು ಸೆರಗಿನಿಂದ ಒರೆಸಿ, ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳುಗಳನ್ನು ಪೀಠದಡಿಗೆ ಹಾಕಿದಳು. ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರನ್ನೇ ಮುಟ್ಟುತ್ತಾ ನಮಗೆ ಪರಿಚಯ ಹೇಳತೊಡಗಿದಳು. ಆ ಮನೆಗೆ ಬಂದ ಸೊಸೆಯರವರು. ಕಾಲುಂಗುರ ಕಾಲಿಂದ ಇಳಿದ ದಿನ, ಮುತ್ತೈದೆಯಾಗಿ ಸತ್ತರೂ ಸರಿ, ಗಂಡ ಸತ್ತು ತೆಗೆದರೂ ಸರಿ, ಅದರ ಬೆಳ್ಳಿ ಎಲ್ಲಮ್ಮನ ಪೀಠದಡಿ ಸೇರಬೇಕು. ಮನೆಗೆ ಬಂದವಳು ಮನೆ ಬಿಟ್ಟು ಹೋಗುವುದಿಲ್ಲ ಎಂದು ಅದರ ಅರ್ಥವಂತೆ. ಮೊದಲನೆಯವಳು ಎತ್ತಿನ ಬಂಡಿ ಹೊಡೆಯುತ್ತಿದ್ದಳು. ಎರಡನೆಯ ಬಿಲ್ಲೆಯಲ್ಲಿ ಎರಡು ಮನೆಯ ಬೆಳ್ಳಿ ಕೂಡಿದೆ, ಏಕೆಂದರೆ ಆಕೆ ಮೊದಲ ಗಂಡ ಸತ್ತ ಮೇಲೆ ಉಡಿಕೆ ಮದುವೆಯಾಗಿ ಈ ಮನೆಗೆ ಬಂದವಳು. ಹಿಂದಿನ ಮನೆಯ ಬೆಳ್ಳಿಯನ್ನೂ ಇವರು ಬೇರೆ ಮಾಡಲಿಲ್ಲ. ಮೂರನೆಯವಳು ಒಂಬತ್ತು ಹೆತ್ತು ಎರಡನ್ನು ಉಳಿಸಿಕೊಂಡವಳು. ಗೀರು ಉಳಿದಿದ್ದ ಬಿಲ್ಲೆಯ ಮೇಲೆ ಬೆರಳು ನಿಂತಿತು.

"ಈಕಿ ನಿಜಾಮನ ಕಾಲದ ಗದ್ದಲದಾಗ ಊರು ಬಿಡಬೇಕಾದ್ರ ಅಮ್ಮನ್ನ ಜ್ವಾಳದ ಕೊಡದಾಗ ಹೂತು ತಲಿ ಮ್ಯಾಲ ಹೊತ್ಕೊಂಡು ನಡದಾಕಿ ನೋಡ್ರಿ. ಕೇಳಿದವ್ರಿಗೆ ಕೂಳಿನ ಜ್ವಾಳ ಅಂದ್ಳಂತ. ಗಂಡಗೂ ಹೇಳಿದ್ದಿಲ್ಲಂತ್ರಿ."

ಅವತ್ತಿನಿಂದ ಆ ಮನೆಯಲ್ಲಿ ಅದೇ ರೂಢಿ. ಮನೆ ಬದಲಿಸುವಾಗ ಸೊಸೆ ಯಾರಿಗೂ ಹೇಳದೆ ಅಮ್ಮನನ್ನು ಜೋಳದ ಕೊಡದಲ್ಲಿ ಇಡಬೇಕು. ಎಲ್ಲಿಟ್ಟೆ ಎಂದು ಗಂಡಸರ ಮುಂದೆ ಬಾಯಿ ಬಿಡಬಾರದು. ಈಕೆಯೂ ಹಾಗೇ ಮಾಡಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಕೆಲಸಕ್ಕೆ ಹೋಗಿದ್ದಳು. ಗಂಡ ಸಾಮಾನು ಸಾಗಿಸುವಾಗ ನೋಡಿದ್ದು ಹುಳ ಬಿದ್ದ ಜೋಳ, ತೂತು ಕೊಡ. ಬಾಗಿಲಲ್ಲಿ ನಿಂತವನು ತಲೆ ತಗ್ಗಿಸಿದ.

ಐದು, ಆರು ಎಂದು ಬೆರಳು ಸುತ್ತು ಮುಗಿಸಿತು. ಆಮೇಲೆ ಅಂಚಿಗೆ ಬಂತು. ಅಲ್ಲಿ ತಡವಿತು. ಇನ್ನೊಮ್ಮೆ ತಡವಿತು. ಆಕೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಆರೇ ಮಂದಿ ಅದಾರ್ರಿ ಅಕ್ಕಾ. ನಮ್ಮತ್ತಿ ಎಲ್ಲಿ?"

ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಆಕೆಯ ಮುಂದಿಟ್ಟೆ. ತೇಪೆ ಎಂದುಕೊಂಡು ಅರ ಹಾಕಿದೆ, ಫೋನಿನಲ್ಲಿ ಜಗಳವಾಡುತ್ತಿದ್ದೆ, ಸದ್ದು ಕೇಳಿಸಿಕೊಳ್ಳಲಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಕಾಗದ ಬಿಚ್ಚಿ, ಬೆರಳ ತುದಿಗೆ ಒಂದಿಷ್ಟು ಪುಡಿ ಹತ್ತಿಸಿಕೊಂಡು ಬೆಳಕಿಗೆ ಹಿಡಿದಳು. ಎಲ್ಲ ಇದೆಯಾ ಎಂದು ಕೇಳಿದಳು. ಅರದ ಹಲ್ಲಿನಲ್ಲಿ ಸ್ವಲ್ಪ ಹೋಗಿದೆ ಎಂದೆ.

ಅತ್ತೆ ತೀರಿಕೊಂಡು ಎರಡು ವರ್ಷ. ಈ ಊರಿಗೆ ಬಂದ ಮೊದಲ ದಿನ ತಲೆ ಮೇಲೆ ಸಿಂಬಿ ಇಟ್ಟು, ಕತ್ತು ನೋಯದಂತೆ ಜಲ್ಲಿ ಬುಟ್ಟಿ ಹೊರುವುದನ್ನು ಕಲಿಸಿದವಳು ಅವಳೇ. ಸತ್ತಾಗ ವಿಗ್ರಹವನ್ನು ಊರಿಗೆ ಒಯ್ದು ಬೆಸುಗೆ ಹಾಕಿಸಲು ಪುರುಸೊತ್ತಾಗದೆ, ಗಂಡ ಯಾರೋ ಸ್ಟೌ ರಿಪೇರಿಯವನ ಹತ್ತಿರ ಬಿಲ್ಲೆ ಹಚ್ಚಿಸಿಕೊಂಡು ಬಂದಿದ್ದನಂತೆ. ಆ ತವರದ ಕೆಲಸ ಅವನದು.

"ಅಲ್ಲಾಡ್ತಿತ್ತು ಖರೇ ರೀ. ಬುಡಕ ಕಾಗದ ಮಡಚಿ ಇಡ್ತಿದ್ದಿವಿ," ಎಂದಳು. ತುಟಿಯಂಚಿನಲ್ಲಿ ನಗು ಬಂತು. "ನಮ್ಮತ್ತಿ ಬದುಕಿದ್ದಾಗನೂ ಒಂದು ಕಡೀ ಕುಂತಾಕೀನೇ ಅಲ್ರಿ."

ಆಗ ನನಗೆ ಅಳು ಬಂತು. ನನ್ನ ಗಂಡ ಸತ್ತಾಗ ತೆಗೆಸಿದ ಕಾಲುಂಗುರ ಎಲ್ಲಿ ಹೋಯಿತೆಂದು ನನಗೇ ಗೊತ್ತಿಲ್ಲ. ಹಳೇ ಬೆಳ್ಳಿಯ ಜೊತೆ ಯಾರೋ ಅಂಗಡಿಗೆ ಹಾಕಿರಬೇಕು. ಲೋಹದ ಕೆಲಸ ಮಾಡುವ ನನಗೆ ಅದನ್ನು ಕೇಳಬೇಕು ಎಂದೂ ಹೊಳೆದಿರಲಿಲ್ಲ. ಒಂದು ಕೋಣೆಯ ಈ ಮನೆಯವರು, ಇಟ್ಟಿಗೆ ಹೊರುವವರು, ಮನೆಗೆ ಬಂದ ಒಬ್ಬಳನ್ನೂ ಕಳೆದುಕೊಂಡಿರಲಿಲ್ಲ.

ಹುಡುಗಿಯನ್ನು ನಾನು ಮರೆತೇಬಿಟ್ಟಿದ್ದೆ. ವಿಗ್ರಹ ಕೊಂಡವಳು ಅವಳು, ಗೃಹಪ್ರವೇಶಕ್ಕೆ ಇನ್ನು ವಾರವೂ ಇಲ್ಲ. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳು ತಾನೇ ಎದ್ದು, ದೀಪದ ಹಿಂದಿನ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು.

"ನಂದಲ್ಲ ಅಕ್ಕಾ ಇದು," ಎಂದಳು. "ಅಮ್ಮಂಗೆ ನಿಮ್ಮ ಮನೆ ದಾರಿ ಗೊತ್ತಿರ್ಲಿಲ್ಲ, ಸ್ವಲ್ಪ ದಿನ ನನ್ನ ಹತ್ರ ಇದ್ರು ಅಷ್ಟೆ."

ಅತ್ತೆಯ ಬಿಲ್ಲೆಯನ್ನು ಮತ್ತೆ ಕೂರಿಸಲು ಮಂಗಳವಾರ ಗೊತ್ತು ಮಾಡಿದೆವು, ಅದು ಅಮ್ಮನ ವಾರ. ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಕೆಲಸ ಬಿಟ್ಟು ಜೋಗುಪಾಳ್ಯಕ್ಕೆ ಬಂದರು, ಹುಡುಗಿಯೂ ಬಂದಳು. ಫೋನು ಆಫ್ ಮಾಡಿ ಡ್ರಾಯರಿಗೆ ಹಾಕಿದೆ. ಅಂಚಿನಲ್ಲಿ ಉಳಿದಿದ್ದ ಬಿಲ್ಲೆಯ ಚೂರನ್ನು ಬಿಡಿಸಿ ಪುಡಿಗೆ ಸೇರಿಸಿದೆ. ಪುಡಿಯಲ್ಲಿದ್ದ ಅರದ ಉಕ್ಕನ್ನು ಮ್ಯಾಗ್ನೆಟ್ಟಿನಿಂದ ಆರಿಸಿ, ಆಸಿಡ್‌ನಲ್ಲಿ ನೆನೆಸಿ ತವರ ಬಿಡಿಸಿದೆ. ತವರ ಉಳಿದರೆ ಬೆಳ್ಳಿ ಪುಟುಪುಟು ಮುರಿಯುತ್ತದೆ. ತೊಳೆದು, ಒಣಗಿಸಿ, ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕರಗಿಸಿದಾಗ ಸಿಕ್ಕಿದ್ದು ಒಂದು ಜೋಳದ ಕಾಳಿನಷ್ಟು. ಬಿಲ್ಲೆಯಾಗಿ ತಟ್ಟಲು ಅದು ಸಾಲದು. ನನ್ನ ಹತ್ತಿರ ಬೆಳ್ಳಿ ತುಂಡಿದೆ, ಸೇರಿಸಲಾ ಎಂದು ಕೇಳಿದೆ.

ಆಕೆ ಕೆಳಗೆ ಕೂತು, ಬಚ್ಚಲಿನ ಸೋಪು ಹಚ್ಚಿ, ಬಲಗಾಲಿನ ಎರಡು ಉಂಗುರಗಳಲ್ಲಿ ಒಂದನ್ನು ತಿರುವಿ ತಿರುವಿ ತೆಗೆದಳು. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು. ಗಂಡ ಗಾಬರಿಯಿಂದ, ತಾನು ಬದುಕಿರುವಾಗಲೇ ಅದನ್ನು ತೆಗೆಯಬಾರದು ಎಂದ.

"ಕೊಡ ಗುಜರಿಗಿ ಹಾಕಿದಾಂವ ನೀ, ಸುಮ್ಕಿರು," ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಎರಡೂ ಕೂಡಿಸಿ ಕರಗಸ್ರಿ ಅಕ್ಕಾ. ನನಗ ಬ್ಯಾರೆ ಜಾಗ ಬ್ಯಾಡ. ಅತ್ತಿ ಜೊತೀಗಿ ಇರ್ತೀನಿ."

ಮೂಸೆಯಲ್ಲಿ ಎರಡೂ ಒಂದಾದವು. ಬಿಲ್ಲೆಯನ್ನು ತಟ್ಟಿ, ಒಳಗೋಡೆಯಲ್ಲಿ ಆರನೆಯದರ ಪಕ್ಕ ಜಾಗ ಕೆರೆದು, ಉಳಿದವಕ್ಕೆಲ್ಲ ಬಿಸಿ ತಾಗದಂತೆ ಒದ್ದೆ ಜೇಡಿಮಣ್ಣು ಮೆತ್ತಿದೆ. ಟಾರ್ಚಿನ ಉರಿಯನ್ನು ಸಣ್ಣದು ಮಾಡಿಕೊಂಡೆ. ಬೆಸುಗೆ ಕರಗಿ ಒಮ್ಮೆಲೇ ಹರಿಯುವ ಆ ಕ್ಷಣದಲ್ಲಿ ಉರಿ ತೆಗೆಯಬೇಕು. ತೆಗೆದೆ. ಆರಿದ ಮೇಲೆ ಗೆರೆ ಹುಡುಕಿದೆ. ಸಿಕ್ಕಿತು, ಕೂದಲೆಳೆಯಷ್ಟು. ಆ ಹಳೇ ಬೆಸುಗೆಯವನ ಕೈ ನನಗಿಂತ ಮೇಲು, ಒಪ್ಪಿಕೊಂಡೆ. ಮಣೆಯ ಮೇಲಿಟ್ಟು ಒತ್ತಿದರೆ ಅಮ್ಮ ಅಲುಗಲಿಲ್ಲ.

ಶಿವಾಜಿನಗರದ ಕೊಡದ ತೂತನ್ನು ಮೊದಲೇ ಮುಚ್ಚಿಟ್ಟಿದ್ದೆ. ಹುಡುಗಿ ಚೀಲದಲ್ಲಿ ಹೊಸ ಬಿಳಿಜೋಳ ತಂದಿದ್ದಳು, ಹುಳ ಇಲ್ಲದ್ದು ಎಂದು ಮೂರು ಸಲ ಹೇಳಿದಳು. ಆಕೆ ಅಮ್ಮನನ್ನು ಎತ್ತಿ, ಕಣ್ಣು ಮುಚ್ಚಿ, ಪೀಠದಡಿ ಬೆರಳಾಡಿಸಿದಳು. ಏಳನೆಯದನ್ನು ಮಾತ್ರ ಎರಡು ಸಲ ಸವರಿದಳು. ಆಮೇಲೆ ಕೊಡಕ್ಕೆ ಅರ್ಧ ಜೋಳ ಸುರಿದು, ಅಮ್ಮನನ್ನು ಕೂರಿಸಿ, ಮೇಲೆ ಮತ್ತೆ ಜೋಳ ಸುರಿದಳು. ನಾವಿಬ್ಬರೂ ಹೆಂಗಸರು, ನಮ್ಮೆದುರು ಅಡ್ಡಿಯಿರಲಿಲ್ಲ. ಗಂಡ ರೂಢಿಯಂತೆ ತಾನಾಗಿ ಎದ್ದು, ಬೀದಿಗೆ ಮುಖ ಮಾಡಿ ಬಾಗಿಲಾಚೆ ನಿಂತಿದ್ದ.

ಕೊಡದ ಬಾಯಿಗೆ ಬಟ್ಟೆ ಕಟ್ಟಲು ಹೋದವಳು ಕೈ ತಡೆದಳು. ಕೊಡ ಹೊತ್ತು ನಡೆದ ಆ ಹಿರಿಯಳನ್ನು ನೆನೆದಳೋ, ಇದ್ದಿಲಿನಲ್ಲಿ ನಂಬರು ತಿದ್ದುತ್ತಿದ್ದವನನ್ನು ನೆನೆದಳೋ ನಾನು ಹೇಳಲಾರೆ.

"ಬಾ ಇಲ್ಲಿ," ಎಂದು ಗಂಡನನ್ನು ಕರೆದಳು. ಅವನು ಬಂದ. ಅವನ ಕೈ ಹಿಡಿದು ಮೊಣಕೈವರೆಗೂ ಜೋಳದೊಳಗೆ ಇಳಿಸಿದಳು. "ಎಲ್ಲಿ ಅದಾಳ, ಗೊತ್ತಾತಿಲ್ಲ?"

ಅವನು ತಲೆಯಾಡಿಸಿದ. ಕೈ ಹೊರಗೆ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಟಿನ್ ಫ್ಯಾಕ್ಟರಿ ಮುಟ್ಟುವವರೆಗೂ ಆಟೋದಲ್ಲಿ ಕೊಡವನ್ನು ತೊಡೆಯಿಂದ ಕೆಳಗಿಳಿಸಲಿಲ್ಲವಂತೆ. ಆಮೇಲೆ ಫೋನು ಮಾಡಿ ಆಕೆಯೇ ಹೇಳಿದಳು.